ಅಳಿಯ ತಂದ ಮಣ್ಣಿನ ನಕ್ಷೆ

ಮಣ್ಣು ಸಮೀಕ್ಷೆ ಕಚೇರಿಯ ಆ ಗುಮಾಸ್ತನಿಗೆ ಮಣ್ಣಿನ ವಿಷಯದಲ್ಲಿ ಗೊತ್ತಿದ್ದದ್ದು ಎರಡೇ ಸಂಗತಿ. ಮಳೆ ಬಂದಾಗ ಅದು ಚಪ್ಪಲಿಗೆ ಅಂಟಿಕೊಳ್ಳುತ್ತದೆ; ಅದರ ನಕ್ಷೆಗಳನ್ನು ಆರನೇ ನಂಬರಿನ ಕಪಾಟಿನಲ್ಲಿ ಇಡಬೇಕು. ಇಷ್ಟು ಬಂಡವಾಳದಲ್ಲಿ ಅವನು ಇಪ್ಪತ್ತೆರಡು ವರ್ಷ ನೆಮ್ಮದಿಯಾಗಿ ಕೆಲಸ ಮಾಡಿದ್ದ. ಯಾರಾದರೂ ಅರ್ಜಿ ತಂದರೆ ನಕ್ಷೆ ತೆಗೆದುಕೊಡುವುದು, ಅವರು ನೋಡಿ ಮುಗಿಸಿದ ಮೇಲೆ ಧೂಳು ಒರೆಸಿ, ಸುತ್ತಿ ಒಳಗಿಡುವುದು. ನಕ್ಷೆಯಲ್ಲಿ ಏನಿದೆ ಎಂದು ನೋಡುವುದು ಅವನ ಕೆಲಸಗಳಲ್ಲಿ ಸೇರಿರಲಿಲ್ಲ. ಸೇರದ ಕೆಲಸ ಮಾಡುವ ದುಶ್ಚಟವೂ ಅವನಿಗಿರಲಿಲ್ಲ.

ಇಂಥವನನ್ನು ಕೆಡಿಸಿದ್ದು ಮಾವನ ಮನೆಯ ಒಂದು ಭಾನುವಾರದ ಊಟ.

ಆ ದಿನ ಊಟಕ್ಕೆ ಇಟ್ಟಿಗೆ ಗೂಡಿನ ಯಜಮಾನನೂ ಬಂದಿದ್ದ. ಸುತ್ತಮುತ್ತ ಎದ್ದಿದ್ದ ಅರ್ಧ ಗೋಡೆಗಳು ಅವನ ಇಟ್ಟಿಗೆಯವು; ಸುತ್ತಮುತ್ತ ಬಾಯಿ ತೆರೆದಿದ್ದ ಅರ್ಧ ಗುಂಡಿಗಳೂ ಅವನವೇ. ಮಾವ ಪರಿಚಯ ಮಾಡಿಸಿದರು: "ಇವರು ನಮ್ಮ ಅಳಿಯಂದಿರು. ಯಾವುದೋ ಆಫೀಸಲ್ಲಿ ಏನೋ ಒಂದು ಕೆಲಸದಲ್ಲಿದ್ದಾರೆ."

'ಯಾವುದೋ' ಮತ್ತು 'ಏನೋ' ಎರಡನ್ನೂ ಒಂದೇ ವಾಕ್ಯದಲ್ಲಿ ಅಡಕ ಮಾಡುವುದು ಮಾವನಿಗೆ ಮದುವೆಯ ದಿನದಿಂದ ಬಂದ ಅಭ್ಯಾಸ. ಗುಮಾಸ್ತ ಎಂದಿನಂತೆ ಹಲ್ಲು ಕಿರಿದು ತಟ್ಟೆಯ ಕಡೆ ತಿರುಗಿದ.

ಮಾತು ಹೊಲಕ್ಕೆ ಹೊರಳಿತು. ಆ ಬಯಲಿನ ಹೊಲಗಳೆಲ್ಲ ಪೂರ್ವದಿಂದ ಪಶ್ಚಿಮಕ್ಕೆ ಚಾಚಿದ ಉದ್ದುದ್ದ ಪಟ್ಟಿಗಳು, ಒಂದರ ಕೆಳಗೊಂದು. ಎಲ್ಲಕ್ಕಿಂತ ಮೇಲೆ ರಸ್ತೆ, ಕೆಳಗೆ ಹಳ್ಳ. ರಸ್ತೆಯಿಂದ ಎಣಿಸಿದರೆ ಮೂರನೆಯ ಪಟ್ಟಿ ಮಾವನದು. ಅದರ ಪೂರ್ವದ ತುದಿಯಲ್ಲಿ ಬಾವಿ, ಪಶ್ಚಿಮದ ತುದಿಯಲ್ಲಿ ಮರದ ಸಾಲು. ಎಂಟು ವರ್ಷದಿಂದ ಬಾವಿ ಕಡೆಯ ಅರ್ಧ ಮುನಿಸಿಕೊಂಡಿತ್ತು. ಅಲ್ಲಿ ಹಾಕಿದ ಜೋಳ ಮೊಣಕಾಲಿನವರೆಗೆ ಬಂದು, ಮುಂದೆ ಹೋಗಲೋ ಬೇಡವೋ ಎಂದು ಯೋಚಿಸಿ, ಹಳದಿಯಾಗಿ ನಿಂತುಬಿಡುತ್ತಿತ್ತು. ಆ ಅರ್ಧದ ಮಣ್ಣನ್ನು ಆರಡಿ ಆಳದವರೆಗೆ ಎತ್ತಿಕೊಂಡು ಹೋಗುತ್ತೇನೆ ಎಂಬುದು ಇಟ್ಟಿಗೆ ಯಜಮಾನನ ಬೇಡಿಕೆ.

"ಬೆಳೆ ಕೊಡದ ಮಣ್ಣು ಇಟ್ಕೊಂಡು ಏನ್ ಮಾಡ್ತೀರ? ನನಗೆ ಕೊಟ್ಟುಬಿಡಿ, ಕಾಟ ತಪ್ಪುತ್ತೆ," ಎಂದ ಅವನು.

"ಕೊಟ್ಟುಬಿಡೋಣ ಅಪ್ಪಾ," ಎಂದ ಭಾವಮೈದುನ. ಹೊಲ ಉಳುವವನು ಅವನೇ. "ಆ ಕಡೆ ಉತ್ತು ಉತ್ತು ನನ್ನ ಸೊಂಟ ಹೋಯ್ತು. ಮರದ ಸಾಲಿನ ಕಡೆ ನಿಂಬೆ ಹಾಕಿಕೊಂಡು ಹಾಯಾಗಿರೋಣ."

ಮಾವ ಮಾತ್ರ ತುತ್ತು ಕೈಯಲ್ಲೇ ಹಿಡಿದು ಕೂತಿದ್ದರು. "ಎತ್ತಿದ ಮಣ್ಣು ಮತ್ತೆ ಬರಲ್ಲ ಕಣೋ. ನಮ್ಮಪ್ಪ ಆ ಕಡೆ ಬಂಗಾರದಂಥ ಬೆಳೆ ತೆಗೀತಿದ್ರು."

"ಅಜ್ಜನ ಕಾಲದಲ್ಲಿ ಏನು ತಾನೆ ಬಂಗಾರ ಆಗಿರ್ಲಿಲ್ಲ?"

ಎಲ್ಲರೂ ಏನಾದರೊಂದು ಹೇಳಿಯಾಗಿತ್ತು. ತಾನೂ ಒಂದು ಹೇಳಬೇಕು ಎಂಬ ಒಂದೇ ಕಾರಣಕ್ಕೆ ಗುಮಾಸ್ತ ಗಂಟಲು ಸರಿಮಾಡಿಕೊಂಡ. "ಇದೆಲ್ಲ ತೀರ್ಮಾನ ಮಾಡೋ ಮುಂಚೆ ಐವತ್ತು ವರ್ಷದ ಹಿಂದಿನ ಸಮೀಕ್ಷೆ ನೋಡಬೇಕಾಗುತ್ತೆ. ನಮ್ಮ ಕಚೇರಿಯಲ್ಲಿ ಇದೆ."

ಎಲ್ಲರ ಕೈ ನಿಂತಿತು. ಮಾವ ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಅಳಿಯನ ಮುಖವನ್ನು ಪೂರ್ತಿಯಾಗಿ ನೋಡಿದರು.

"ನಮ್ಮ ಹೊಲ ಅದರಲ್ಲಿ ಇದೆಯಾ?"

"ಇರದೆ ಏನು? ಪ್ರತಿ ಹೊಲದಲ್ಲೂ ಗುಂಡಿ ತೋಡಿ ಬರೆದಿಟ್ಟಿದ್ದಾರೆ."

"ನಿಮಗೆ ಅದನ್ನ ಓದೋಕೆ ಬರುತ್ತಾ?"

ಇಲ್ಲಿ 'ಇಲ್ಲ' ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಗುಮಾಸ್ತ 'ಇಲ್ಲ' ಎನ್ನಲಿಲ್ಲ. 'ಬರುತ್ತೆ' ಎಂದೂ ಅನ್ನಲಿಲ್ಲ. ಸುಮ್ಮನೆ ನೀರು ಕುಡಿದ. ಅವನು ಕುಡಿದ ರೀತಿ ಎಷ್ಟು ಗಂಭೀರವಾಗಿತ್ತೆಂದರೆ ಅತ್ತೆ ಕೇಳದೆಯೇ ಮತ್ತೊಂದು ಸೌಟು ಬಡಿಸಿದರು.

ಬಸ್ಸಿನಲ್ಲಿ ಮನೆಗೆ ಹಿಂದಿರುಗುವಾಗ ಹೆಂಡತಿ ಕೇಳಿದಳು, "ರೀ, ನಿಜವಾಗಲೂ ನಿಮಗೆ ನಕ್ಷೆ ಓದೋಕೆ ಬರುತ್ತಾ?"

"ಇಪ್ಪತ್ತೆರಡು ವರ್ಷ ನಕ್ಷೆಗಳ ಮಧ್ಯೆ ಇದ್ದೀನಿ ಕಣೇ."

"ಇಪ್ಪತ್ತು ವರ್ಷದಿಂದ ನನ್ನ ಅಡುಗೆಮನೆಯಲ್ಲೂ ಓಡಾಡ್ತಿದ್ದೀರ. ನಿಮಗೆ ಒಂದು ಲೋಟ ಟೀ ಮಾಡೋಕೆ ಬಂತಾ?"

ಗುಮಾಸ್ತ ಕಿಟಕಿಯಿಂದ ಆಚೆ ನೋಡಿದ.

ಸೋಮವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಮೇಲೆ ಅವನು ಆರನೇ ಕಪಾಟು ತೆಗೆದ. ಹಾಳೆ ಸಿಕ್ಕಿತು. ಐವತ್ತು ವರ್ಷದ ಹಿಂದೆ ನಾಲ್ಕು ಜನರ ತಂಡವೊಂದು ಆ ಬಯಲಿನಲ್ಲಿ ಮೂರು ತಿಂಗಳು ಓಡಾಡಿ, ಆಳುದ್ದ ಗುಂಡಿಗಳನ್ನು ತೋಡಿಸಿ, ಮಣ್ಣನ್ನು ನೀರು ಹಾಕಿ ಬೆರಳಲ್ಲಿ ಹಿಸುಕಿ, ಉಂಡೆ ಕಟ್ಟಿ, ಅದರ ಬಣ್ಣ, ಆಳ, ಕಲ್ಲು, ನೀರು ಎಲ್ಲವನ್ನೂ ಬರೆದುಕೊಂಡು ಮಾಡಿದ ನಕ್ಷೆ. ಬಣ್ಣಗಳು ಇನ್ನೂ ಮಾಸಿರಲಿಲ್ಲ. ಮೂಲ ಹಾಳೆಯನ್ನು ಕಚೇರಿಯಿಂದ ಆಚೆ ಒಯ್ಯುವಂತಿಲ್ಲ. ಟ್ರೇಸಿಂಗ್ ಕಾಗದದ ಮೇಲೆ ನಕಲು ತೆಗೆದುಕೊಳ್ಳಬಹುದು. ಹಾಗೆ ತೆಗೆಯುವಾಗ ಮೊದಲು ಮೂಲೆಯಲ್ಲಿ ಹಾಳೆಯ ಹೆಸರು ಬರೆದು, ದಿಕ್ಕಿನ ಬಾಣ ಹಾಕಬೇಕು ಎಂಬ ನಿಯಮ ಗೋಡೆಯ ಮೇಲೇ ಅಂಟಿಸಿತ್ತು. ಅಂಟಿಸಿದವನು ಗುಮಾಸ್ತನೇ. ಆದರೆ ಊಟದ ಬಿಡುವು ಮುಗಿಯಲು ಹದಿನೈದೇ ನಿಮಿಷವಿತ್ತು. ಹಾಳೆಯ ಹೆಸರು ನನಗೆ ಗೊತ್ತು, ದಿಕ್ಕು ಎಲ್ಲರಿಗೂ ಗೊತ್ತು ಎಂದುಕೊಂಡು ಅವನು ಸೀದಾ ಗೆರೆ ಎಳೆಯಲು ಶುರು ಮಾಡಿದ. ಹಾಳೆಯ ಅಂಚಿನಲ್ಲಿದ್ದ ಬಣ್ಣಗಳ ಸೂಚಿ ನೋಡಿಕೊಂಡು, ಆಳದ ಒಳ್ಳೆ ಮಣ್ಣಿಗೆ ಚುಕ್ಕಿ, ತೆಳು ಮಣ್ಣಿಗೆ ಅಡ್ಡಗೀಟು. ಪಟ್ಟಿಯ ಮೇಲೆ ಪಟ್ಟಿ, ಮೇಲೆ ರಸ್ತೆ, ಕೆಳಗೆ ಹಳ್ಳ. ಚೆನ್ನಾಗಿ ಬಂತು. ಮಡಚಿ ಚೀಲಕ್ಕೆ ಹಾಕಿದ.

ಮುಂದಿನ ಭಾನುವಾರ ಮಾವನ ಮನೆಯ ಊಟದ ಮೇಜನ್ನು ಎರಡು ಸಲ ಒರೆಸಲಾಯಿತು. ಗುಮಾಸ್ತ ಕಾಗದ ಬಿಡಿಸಿದ. ಅದರ ನಾಲ್ಕು ಮೂಲೆಗೆ ಉಪ್ಪಿನ ಡಬ್ಬಿ, ಮಾವನ ಕನ್ನಡಕದ ಪೆಟ್ಟಿಗೆ, ಒಂದು ಬೀಗ ಮತ್ತು ಅತ್ತೆಯ ರೇಡಿಯೋ ಕುಳಿತವು. ಸುದ್ದಿ ಹಬ್ಬಿ, ಅಕ್ಕಪಕ್ಕದ ಪಟ್ಟಿಗಳವರೂ ಬಂದು ಬಾಗಿಲಲ್ಲಿ ನಿಂತಿದ್ದರು. ಎರಡನೇ ಪಟ್ಟಿಯ ಅಜ್ಜಿಗೆ ಕುರ್ಚಿ ಕೊಟ್ಟಿದ್ದರು. ಐದನೇ ಪಟ್ಟಿಯ ದರ್ಜಿ ಅಂಗಡಿ ಮುಚ್ಚಿಕೊಂಡು, ಅಳತೆಯ ಟೇಪು ಕೊರಳಲ್ಲಿದ್ದಂತೆಯೇ ಬಂದಿದ್ದ.

"ರಸ್ತೆಯಿಂದ ಒಂದು, ಎರಡು, ಮೂರು," ಎಂದು ಗುಮಾಸ್ತ ಬೆರಳಿಟ್ಟ. "ಇದು ನಮ್ಮ ಮಾವನದು. ಈ ಬಲಗಡೆ ಪೂರ್ವ, ಬಾವಿ. ನೋಡಿ, ಅಡ್ಡಗೀಟು. ಮಣ್ಣು ಒಂದಡಿ ಇದ್ದರೆ ಹೆಚ್ಚು, ಕೆಳಗೆಲ್ಲ ಗರಸು ಕಲ್ಲು. ಈ ಎಡಗಡೆ ಮರದ ಸಾಲು. ಪೂರಾ ಚುಕ್ಕಿ. ನಾಲ್ಕಡಿಗೂ ಹೆಚ್ಚು ಆಳ, ಬೆಣ್ಣೆಯಂಥ ಮಣ್ಣು."

"ನಮ್ಮಪ್ಪ ಬಾವಿ ಕಡೆ..." ಎಂದು ಮಾವ ಶುರು ಮಾಡಿದರು.

"ಮಾವ, ಅದು ಪ್ರೀತಿ. ಇದು ಸಮೀಕ್ಷೆ."

ಬಾಗಿಲಲ್ಲಿ ನಿಂತವರು ಒಬ್ಬರ ಮುಖ ಒಬ್ಬರು ನೋಡಿ ತಲೆದೂಗಿದರು. ತಾನು ಇಂಥ ಮಾತು ಹೇಳಬಲ್ಲೆ ಎಂದು ಗುಮಾಸ್ತನಿಗೂ ಗೊತ್ತಿರಲಿಲ್ಲ.

ಅಡುಗೆಮನೆಯ ಹೊಸಿಲಿನಿಂದ ಅವನ ಹೆಂಡತಿ ಕೇಳಿದಳು, "ಒಂದಡಿ ಮಣ್ಣಿರೋ ಕಡೆ ಇವರು ಆರಡಿ ಏನನ್ನ ಎತ್ಕೊಂಡು ಹೋಗ್ತಾರೆ?"

ಇದು ಆ ಮಧ್ಯಾಹ್ನದ ಏಕೈಕ ಬುದ್ಧಿವಂತ ಪ್ರಶ್ನೆ. ಆದ್ದರಿಂದ ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಇಟ್ಟಿಗೆ ಯಜಮಾನ ಮಾತ್ರ ಬೇಗ ಬೇಗ, "ಅದು ನನ್ನ ಕಷ್ಟ ತಾಯಿ, ನನಗೆ ಬಿಡಿ," ಎಂದ. ಅವನು ಬಾವಿ ಕಡೆಯ ಮಣ್ಣನ್ನು ಮೊದಲೇ ಬೆರಳಲ್ಲಿ ಹೊಸೆದು ನೋಡಿದ್ದವನು. ಅದು ದಾರದಂತೆ ಎಳೆ ಬಿಟ್ಟಿತ್ತು, ಇಟ್ಟಿಗೆಗೆ ಹೇಳಿ ಮಾಡಿಸಿದ ಜೇಡಿ. ಸಮೀಕ್ಷೆಯೂ ತನ್ನ ಪರ ಹೇಗೆ ಬಂತೆಂದು ಅವನಿಗೆ ಅರ್ಥವಾಗಲಿಲ್ಲ, ಆದರೆ ಬಂದದ್ದನ್ನು ಬಿಡುವ ಪೈಕಿ ಅವನಲ್ಲ. "ಸಾಹೇಬ್ರು ಹೇಳಿದ್ದು ನೂರಕ್ಕೆ ನೂರು. ಇಷ್ಟು ಕೆಟ್ಟ ಮಣ್ಣು ನಾನು ಎಲ್ಲೂ ನೋಡಿಲ್ಲ. ಏನೋ ನಿಮ್ಮ ಮುಖ ನೋಡಿ ಆ ಕೆಟ್ಟ ಮಣ್ಣು ತಗೊಂಡು ಹೋಗ್ತೀನಿ ಅಷ್ಟೇ."

ಮಾವ ಕಾಗದದ ಮೇಲಿನ ತಮ್ಮ ಪಟ್ಟಿಯನ್ನು ಈ ತುದಿಯಿಂದ ಆ ತುದಿಗೆ ಬೆರಳಲ್ಲಿ ಸವರಿದರು. ಕೊನೆಗೆ, "ಆಯ್ತು. ಆ ಕೆಟ್ಟ ಮಣ್ಣು ನಿಮ್ಮದು. ಶುಕ್ರವಾರ ಬೆಳಿಗ್ಗೆ ಬನ್ನಿ," ಎಂದರು. ಅವರು ಮಾತು ಕೊಟ್ಟರೆ ಮುಗಿಯಿತು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಆಮೇಲೆ ಉಳಿದವರ ಸರದಿ. ಅಜ್ಜಿ ಕುರ್ಚಿ ಎಳೆದುಕೊಂಡು ಬಂದಳು. "ನನ್ನದೂ ಸ್ವಲ್ಪ ನೋಡಪ್ಪ. ಗೊಬ್ಬರದ ಗುಡ್ಡೆ ಪೂರ್ವದ ಕಡೆ ಹಾಕ್ಸಿದ್ದೀನಿ."

"ಅಲ್ಲಿ ಹಾಕಿ ದಂಡ ಅಜ್ಜಿ. ಪಶ್ಚಿಮಕ್ಕೆ ಸಾಗಿಸಿ."

"ಮೂವತ್ತು ವರ್ಷದಿಂದ ಹಾಕ್ತಿದ್ದೀನಲ್ಲಪ್ಪ!"

"ಮೂವತ್ತು ವರ್ಷದಿಂದ ದಂಡ."

ಅಜ್ಜಿ ಕಣ್ಣಲ್ಲಿ ನೀರು ತಂದುಕೊಂಡಳು, ತನ್ನನ್ನು ಇಷ್ಟು ಸ್ಪಷ್ಟವಾಗಿ ಯಾರೂ ಬೈದಿರಲಿಲ್ಲ ಎಂಬ ಕೃತಜ್ಞತೆಯಿಂದ. ದರ್ಜಿ ಟೇಪಿನಿಂದ ತನ್ನ ಪಟ್ಟಿಯನ್ನು ಅಳೆದುಕೊಂಡು, ಎಷ್ಟು ಬೆರಳು ಚುಕ್ಕಿ, ಎಷ್ಟು ಬೆರಳು ಗೀಟು ಎಂದು ಅಂಗೈ ಮೇಲೆ ಬರೆದುಕೊಂಡ. ಹೊರಡುವಾಗ ಮಾವ ಬಸ್ ನಿಲ್ದಾಣದವರೆಗೆ ಬಂದು, ಅಲ್ಲಿದ್ದ ಗುರುತಿಲ್ಲದ ಒಬ್ಬ ಮನುಷ್ಯನಿಗೆ, "ನಮ್ಮ ಅಳಿಯಂದಿರು, ಮಣ್ಣು ಸಮೀಕ್ಷೆ ಕಚೇರಿಯವರು," ಎಂದರು. 'ಯಾವುದೋ' ಇಲ್ಲ, 'ಏನೋ' ಇಲ್ಲ. ಗುಮಾಸ್ತನಿಗೆ ಬಸ್ಸಿನಲ್ಲಿ ಸೀಟು ಸಿಗಲಿಲ್ಲ, ಸಿಗದಿದ್ದದ್ದು ತಿಳಿಯಲೂ ಇಲ್ಲ.

ಮಂಗಳವಾರ ಆ ಬಯಲಿಗೆ ಸ್ಕೂಟರಿನಲ್ಲಿ ಬಂದ ಸಹಾಯಕ ಕೃಷಿ ಅಧಿಕಾರಿಗೆ ವಿಚಿತ್ರ ದೃಶ್ಯ ಕಂಡಿತು. ಅಜ್ಜಿಯ ಗೊಬ್ಬರದ ಗುಡ್ಡೆ ಬುಟ್ಟಿ ಬುಟ್ಟಿಯಾಗಿ ಪೂರ್ವದಿಂದ ಪಶ್ಚಿಮಕ್ಕೆ ನಡೆದುಹೋಗುತ್ತಿತ್ತು. ದರ್ಜಿ ತನ್ನ ತರಕಾರಿ ಮಡಿಗಳನ್ನು ಕಿತ್ತು ಆಚೆ ತುದಿಗೆ ಒಯ್ಯುತ್ತಿದ್ದ.

"ಯಾರು ಹೇಳಿದ್ದು ಇದೆಲ್ಲ ಮಾಡೋಕೆ?"

"ಸಮೀಕ್ಷೆ ಆಫೀಸಿಂದ ದೊಡ್ಡ ಸಾಹೇಬ್ರು ಬಂದಿದ್ರು. ನಿಮಗೆ ಗೊತ್ತಿಲ್ವಾ?" ಎಂದ ದರ್ಜಿ.

ಗೊತ್ತಿಲ್ಲ ಎನ್ನುವುದು ಅಧಿಕಾರಿಗಳ ಜಾಯಮಾನವಲ್ಲ. ತನಗೆ ಬರಬೇಕಾದ ಸುತ್ತೋಲೆಯೊಂದು ತಪ್ಪಿಹೋಗಿದೆ ಎಂದು ಅವನಿಗೆ ಖಾತ್ರಿಯಾಯಿತು. "ಗೊತ್ತಿಲ್ದೆ ಏನು? ಪರೀಕ್ಷೆ ಮಾಡೋಕೆ ಕೇಳ್ದೆ. ಮುಂದುವರಿಸಿ, ಮುಂದುವರಿಸಿ," ಎಂದವನೇ ಹೋಗಿ, ಹಳೆಯ ಸಮೀಕ್ಷೆಯನ್ನು ರೈತರು ಉತ್ಸಾಹದಿಂದ ಬಳಸುತ್ತಿದ್ದಾರೆಂದೂ, ಇದಕ್ಕೆ ತನ್ನ ಪ್ರೋತ್ಸಾಹವೂ ಇದೆಯೆಂದೂ ಒಂದು ವರದಿ ಬರೆದು ಎಲ್ಲಾ ಕಚೇರಿಗಳಿಗೂ ಕಳಿಸಿಬಿಟ್ಟ.

ಗುರುವಾರ ಮಧ್ಯಾಹ್ನ ಭಾವಮೈದುನ ಫೋನ್ ಮಾಡಿದ. ಏದುಸಿರು ಬಿಡುತ್ತಿದ್ದ.

"ಭಾವ, ಮರದ ಸಾಲಿನ ಕಡೆ ನಿಂಬೆಗೆ ಗುಂಡಿ ತೋಡ್ತಾ ಇದ್ದೀನಿ. ಒಂದಡಿ ಕೆಳಗೆ ಬರೀ ಗರಸು. ಹಾರೆ ಹಾಕಿದ್ರೆ ಕಿಡಿ ಬರುತ್ತೆ. ನಿಮ್ಮ ಆ ಬೆಣ್ಣೆ ಮಣ್ಣು ಎಲ್ಲಿಂದ ಶುರುವಾಗುತ್ತೆ?"

"ಒಂದೇ ಗುಂಡಿ ನೋಡಿ ಹೇಳೋಕಾಗಲ್ಲ."

"ಹದಿನಾಲ್ಕು ತೋಡಿದ್ದೀನಿ."

"ಹದಿನಾಲ್ಕಾ!"

"ಅಪ್ಪ ಹೇಳ್ತಾರೆ, ಬೆಣ್ಣೆ ಮಣ್ಣು ಗರಸಿನ ಕೆಳಗೆ ಇರಬೇಕು, ಐವತ್ತು ವರ್ಷದಲ್ಲಿ ಗರಸು ಮೇಲೆ ಎದ್ದಿರಬೇಕು ಅಂತ. ಎದ್ದಿರುತ್ತಾ ಭಾವ?"

"ನೋಡಿ ಹೇಳ್ತೀನಿ," ಎಂದು ಗುಮಾಸ್ತ ಫೋನ್ ಇಟ್ಟ. ಕಪಾಟಿನಿಂದ ಮೂಲ ಹಾಳೆ ತೆಗೆದು ಹರಡಿದ. ಚೀಲದಿಂದ ತನ್ನ ಟ್ರೇಸಿಂಗ್ ತೆಗೆದು ಅದರ ಮೇಲಿಟ್ಟ. ರಸ್ತೆ ಸರಿಹೋಯಿತು, ಹಳ್ಳ ಸರಿಹೋಯಿತು, ಪಟ್ಟಿಗಳೂ ಸರಿಹೋದವು. ಚುಕ್ಕಿಗಳು ಮಾತ್ರ ಗೀಟುಗಳ ಜಾಗದಲ್ಲೂ, ಗೀಟುಗಳು ಚುಕ್ಕಿಗಳ ಜಾಗದಲ್ಲೂ ಕೂತಿದ್ದವು. ಅವನು ಬಹಳ ಹೊತ್ತು ನೋಡಿದ. ಮೂಲ ಹಾಳೆಯಲ್ಲೇ ಏನೋ ತಪ್ಪಾಗಿದೆ ಎಂಬ ತೀರ್ಮಾನಕ್ಕೆ ಇನ್ನೇನು ಬರಬೇಕು, ಅಷ್ಟರಲ್ಲಿ ಮೇಡಂ ಒಳಗೆ ಬಂದರು.

ಮೇಡಂ ಆ ಕಚೇರಿಯ ಮುಖ್ಯಸ್ಥೆ. ಚಿಕ್ಕ ವಯಸ್ಸಿನಲ್ಲಿ ನೂರಾರು ಗುಂಡಿಗಳಿಗೆ ತಾವೇ ಇಳಿದು ನೋಡಿದವರು. ಅವರ ಕೈಯಲ್ಲೊಂದು ಕಾಗದವಿತ್ತು.

"ಒಂದು ವರದಿ ಬಂದಿದೆ. ನಮ್ಮ ಕಚೇರಿಯ 'ಹಿರಿಯ ತಜ್ಞರೊಬ್ಬರು' ರೈತರಿಗೆ ಹಳೇ ಸಮೀಕ್ಷೆ ವಿವರಿಸಿದ್ದಾರಂತೆ. ಈ ಕಚೇರಿಯಲ್ಲಿ ಅಂಥವರು ಯಾರಿದ್ದಾರೆ? ನಾನೂ ಎಷ್ಟೋ ವರ್ಷದಿಂದ ಒಬ್ಬರನ್ನ ಹುಡುಕ್ತಾ ಇದ್ದೀನಿ."

ಗುಮಾಸ್ತ ಎದ್ದು ನಿಂತ. ನಿಂತ ರೀತಿಯಲ್ಲೇ ಉತ್ತರ ಇತ್ತು.

ಮೇಡಂ ಮೇಜಿನ ಮೇಲೆ ನೋಡಿದರು. ಟ್ರೇಸಿಂಗ್ ಕಾಗದದ ಅಂಚು ಹಿಡಿದು ಎತ್ತಿ, ದೋಸೆ ಮಗುಚುವಂತೆ ಮಗುಚಿ ಹಾಕಿದರು. ಗೆರೆಗೆ ಗೆರೆ, ಚುಕ್ಕಿಗೆ ಚುಕ್ಕಿ ಕೂತುಬಿಟ್ಟಿತು.

"ಟ್ರೇಸಿಂಗ್ ಕಾಗದ ಎರಡೂ ಕಡೆ ಕಾಣುತ್ತೆ. ನೀವು ಹಿಂಬದಿಯಿಂದ ಓದಿದ್ದೀರಿ. ಮೂಲೆಯಲ್ಲಿ ಹೆಸರು ಬರೀರಿ ಅಂತ ಹೇಳೋದು ಅಲಂಕಾರಕ್ಕಲ್ಲ. ಹೆಸರು ತಿರುಗಿ ಕಂಡ್ರೆ ಹಾಳೆ ತಿರುಗಿದೆ ಅಂತ ಎಂಥವನಿಗೂ ಗೊತ್ತಾಗುತ್ತೆ."

"ಎಂಥವನಿಗೂ," ಎಂದ ಗುಮಾಸ್ತ. ಅವನಿಗೆ ಒಂದೊಂದೇ ನೆನಪಾಯಿತು: ಅಜ್ಜಿಯ ಗೊಬ್ಬರ, ದರ್ಜಿಯ ಮಡಿ, ಹದಿನಾಲ್ಕು ಗುಂಡಿ. ಆಮೇಲೆ ಶುಕ್ರವಾರ. "ಮೇಡಂ, ನಾಳೆ ಬೆಳಿಗ್ಗೆ ನಮ್ಮ ಮಾವನ ಹೊಲದ ಮಣ್ಣು ಎತ್ತಿಬಿಡ್ತಾರೆ. ಆರಡಿ. ಒಳ್ಳೇ ಕಡೆಯದು."

ಮೇಡಂ ಮೊದಲ ಬಾರಿಗೆ ಕುರ್ಚಿ ಎಳೆದು ಕೂತರು. "ಒಳ್ಳೇದಾಗಿದ್ರೆ ಅಲ್ಲಿ ಬೆಳೆ ಯಾಕೆ ಬರ್ತಿಲ್ಲ?"

"ಎಂಟು ವರ್ಷದಿಂದ ಹಳದಿಯಾಗುತ್ತೆ."

"ನಕ್ಷೆ ಮಾತ್ರ ನೋಡಿದ್ರಿ. ಫೀಲ್ಡ್ ಬುಕ್ ನೋಡಿದ್ರಾ?"

ಫೀಲ್ಡ್ ಬುಕ್ ಎಂದರೆ ಆ ತಂಡ ಗುಂಡಿಯ ಪಕ್ಕದಲ್ಲಿ ನಿಂತು ಬರೆದ ಪುಸ್ತಕ. ಅದು ಏಳನೇ ಕಪಾಟಿನಲ್ಲಿತ್ತು, ಮತ್ತು ಏಳನೇ ಕಪಾಟಿನ ಬೀಗದ ಕೈ ಇಪ್ಪತ್ತೆರಡು ವರ್ಷದಿಂದ ಗುಮಾಸ್ತನ ಮೇಜಿನಲ್ಲೇ ಇತ್ತು. ಮೇಡಂ ಹಾಳೆಗಳನ್ನು ಮಗುಚಿ, ಮೂರನೇ ಪಟ್ಟಿಯನ್ನು ಹುಡುಕಿ, ಜೋರಾಗಿ ಓದಿದರು: "ಪೂರ್ವದ ತುದಿ. ಕಪ್ಪು ಜೇಡಿ ಮಣ್ಣು, ಆರಡಿಗೂ ಹೆಚ್ಚು ಆಳ, ಕಲ್ಲಿಲ್ಲ. ಈ ಬಯಲಿನಲ್ಲೇ ಉತ್ತಮ. ಆದರೆ ನೀರು ತಾನಾಗಿ ಬಸಿಯುವುದಿಲ್ಲ. ಆಗ್ನೇಯ ಮೂಲೆಯಲ್ಲಿ ಚಪ್ಪಡಿ ಹಾಸಿದ ಬಸಿಗಾಲುವೆ ಇದೆ. ಈ ಪಟ್ಟಿಯ ಮತ್ತು ಕೆಳಗಿನ ಪಟ್ಟಿಯ ಸಾಗುವಳಿದಾರರು ಸೇರಿ ಪ್ರತಿ ವರ್ಷ ಹೂಳು ತೆಗೆಯುತ್ತಾರೆ. ಇದು ಮುಚ್ಚಿದರೆ ಬೇರು ಕೊಳೆತು ಬೆಳೆ ಹಳದಿಯಾಗುವುದು ಖಂಡಿತ."

ಐವತ್ತು ವರ್ಷದ ಹಿಂದೆ ಯಾರೋ ಒಬ್ಬ ಗುಂಡಿಯ ಅಂಚಿನಲ್ಲಿ ಕೂತು ಇಷ್ಟನ್ನೂ ಪೆನ್ಸಿಲ್ಲಿನಲ್ಲಿ ಬರೆದಿಟ್ಟು ಹೋಗಿದ್ದ.

"ಆ ಕಾಲುವೆ ಈಗ ಇದೆಯಾ?" ಎಂದು ಮೇಡಂ ಕೇಳಿದರು.

"ನಾನು ನೋಡಿಲ್ಲ ಮೇಡಂ."

"ಹೋಗಿ ನೋಡಿ. ಈ ಪುಟ ನಕಲು ಮಾಡ್ಕೊಳ್ಳಿ. ಮೂಲೆಯಲ್ಲಿ ಹೆಸರು ಬರೀರಿ. ರಜೆ ಅರ್ಜಿ ಕೊಡಿ."

"ಕಾರಣ ಏನಂತ ಬರೀಲಿ ಮೇಡಂ?"

"ನಿಜ ಬರೀರಿ. ಒಂದು ಸಲ ಬರೆದ್ರೆ ನಾಳೆ ಅಲ್ಲಿ ಹೇಳೋಕೆ ಸುಲಭ ಆಗುತ್ತೆ."

'ಟ್ರೇಸಿಂಗ್ ಅನ್ನು ಹಿಂಬದಿಯಿಂದ ಓದಿದ್ದರಿಂದ ಒಂದು ದಿನದ ರಜೆ ಬೇಕಾಗಿದೆ' ಎಂದು ಅವನು ಬರೆದುಕೊಟ್ಟ. ಬರೆದ ಮೇಲೂ ಹೇಳುವುದೇನೂ ಸುಲಭವಾಗಲಿಲ್ಲ.

ಸಂಜೆ ಫೋನ್ ಮಾಡಿ ನೋಡಿದ. "ನಾನು ತಪ್ಪು ಹೇಳಿದ್ದೀನಿ, ನನಗೆ ನಕ್ಷೆ ಓದೋಕೆ ಬರಲ್ಲ," ಎಂದ. ಭಾವಮೈದುನ ಅದನ್ನು ಅಪ್ಪನಿಗೆ ತಲುಪಿಸಿದ್ದು ಫೋನಿನಲ್ಲೇ ಕೇಳಿಸಿತು. ಮಾವ ಆಚೆಯಿಂದ, "ನೋಡು, ಓದಿಕೊಂಡವರ ವಿನಯ ಅಂದ್ರೆ ಇದು. ನೀನೂ ಕಲಿ," ಎನ್ನುತ್ತಿದ್ದರು. ಆಮೇಲೆ ಫೋನ್ ಕಟ್ಟಾಯಿತು. ಎಷ್ಟು ಸಲ ಮಾಡಿದರೂ ಯಾರೂ ಎತ್ತಲಿಲ್ಲ.

"ನಾಳೆ ನಾನೂ ಬರ್ತೀನಿ," ಎಂದಳು ಹೆಂಡತಿ. "ಒಬ್ಬರೇ ಹೋದ್ರೆ ಇನ್ನೊಂದು ಹೊಲ ಕಳೆದು ಬರ್ತೀರ."

ಶುಕ್ರವಾರ ಅವರು ಬಸ್ ಇಳಿದು ಓಡುತ್ತ ಹೋದಾಗ ಜೆಸಿಬಿ ಆಗಲೇ ಬಾವಿಯ ಹತ್ತಿರ ನಿಂತು ಗುಡುಗುಡಿಸುತ್ತಿತ್ತು. ಹಿಂದೆ ಎರಡು ಲಾರಿ. ಊರಿನವರೆಲ್ಲ ಬದುವಿನ ಮೇಲೆ ಸಾಲಾಗಿ ನಿಂತಿದ್ದರು. ಒಂದು ಯಂತ್ರ ನೆಲ ಅಗೆಯುವುದನ್ನು ನೋಡದೆ ಬಿಡುವ ಜನ ಎಲ್ಲೂ ಇಲ್ಲ.

"ನಿಲ್ಲಿಸಿ!" ಎಂದು ಗುಮಾಸ್ತ ಕೂಗಿದ. ಯಂತ್ರದ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ. ಅವನ ಹೆಂಡತಿ ಹೋಗಿ ಜೆಸಿಬಿಯ ಮೂತಿಯ ಮುಂದೆ ಸುಮ್ಮನೆ ನಿಂತಳು. ಡ್ರೈವರ್ ಎಂಜಿನ್ ಆರಿಸಿದ.

ಈಗ ಎಲ್ಲರೂ ಗುಮಾಸ್ತನನ್ನು ನೋಡಿದರು. ಅವನು ಬಸ್ಸಿನಲ್ಲಿ ಒಂದು ದೊಡ್ಡ ಪೀಠಿಕೆ ಸಿದ್ಧ ಮಾಡಿಕೊಂಡಿದ್ದ. ಅದು ಮರೆತುಹೋಯಿತು. "ಮಾವ, ನಾನು ಕಾಗದ ಹಿಂದುಮುಂದಾಗಿ ಹಿಡಿದಿದ್ದೆ. ಒಳ್ಳೇ ಮಣ್ಣು ಇಲ್ಲೇ ಇರೋದು. ಗರಸು ಆ ಕಡೆ."

"ಮೊದಲು ಹಾಗಂದ್ರಿ, ಈಗ ಹೀಗಂತೀರಿ," ಎಂದ ಇಟ್ಟಿಗೆ ಯಜಮಾನ. "ಯಜಮಾನ್ರೇ, ನಿಮ್ಮ ಅಳಿಯನ್ನ ಯಾರೋ ತಿರುಗಿಸಿಬಿಟ್ಟಿದ್ದಾರೆ."

"ತಿರುಗಿದ್ದು ನಾನಲ್ಲ, ಕಾಗದ."

"ಅಯ್ಯೋ, ಹಾಗಾದ್ರೆ ನನ್ನ ಗೊಬ್ಬರ?" ಎಂದಳು ಅಜ್ಜಿ.

"ವಾಪಸ್ ಹೊರಬೇಕು ಅಜ್ಜಿ. ನಾನೇ ಹೊರ್ತೀನಿ."

"ಇನ್ನೂರು ಬುಟ್ಟಿ ಕಣಪ್ಪ!"

ದರ್ಜಿ ಅಂಗೈ ಬಿಡಿಸಿ ನೋಡಿಕೊಂಡ. ಬರೆದದ್ದು ಆಗಲೇ ಅಳಿಸಿಹೋಗಿತ್ತು, ಮಡಿಗಳು ಮಾತ್ರ ಆಚೆ ತುದಿಗೆ ಹೋಗಿಯಾಗಿತ್ತು. ಅವನು ಕೊರಳಿನ ಟೇಪು ತೆಗೆದು ಜೇಬಿಗೆ ಹಾಕಿಕೊಂಡ.

"ಅಪ್ಪಾ, ಭಾವ ಹೇಳೋದು ನಿಜ ಇರಬೇಕು," ಎಂದ ಭಾವಮೈದುನ, ಬೊಬ್ಬೆ ಎದ್ದ ಎರಡೂ ಕೈ ಮುಂದೆ ಚಾಚಿ. "ಹದಿನಾಲ್ಕು ಗುಂಡಿ ಸಾಕ್ಷಿ ಇವೆ."

ಮಾವ ಅಳಿಯನನ್ನು ನೋಡಲಿಲ್ಲ, ಮಗನನ್ನೂ ನೋಡಲಿಲ್ಲ. "ಮಾತು ಕೊಟ್ಟಾಗಿದೆ," ಎಂದರು. ಅವರ ಸ್ವರ ಸಣ್ಣಗಾಗಿತ್ತು. "ಹತ್ತು ಜನರ ಮುಂದೆ ಕೊಟ್ಟಿದ್ದೀನಿ. ಈಗ ಇಲ್ಲ ಅಂತ ಹೇಗೆ ಅನ್ನಲಿ?"

ಡ್ರೈವರ್ ಮತ್ತೆ ಎಂಜಿನ್ ಹಾಕಲು ಕೈ ಚಾಚಿದ.

ಗುಮಾಸ್ತ ಜೇಬಿನಿಂದ ನಕಲು ಹಾಳೆ ತೆಗೆದ. ಮೂಲೆಯಲ್ಲಿ ಹೆಸರು ನೆಟ್ಟಗೆ ಇದೆಯೇ ಎಂದು ನೋಡಿಕೊಂಡ. "ಅಗೆಯೋದಾದ್ರೆ ಅಗೀರಿ. ಆದ್ರೆ ಮೊದಲ ಬಕೆಟ್ಟು ಆ ಆಗ್ನೇಯ ಮೂಲೆಯಲ್ಲಿ ಹಾಕಿ, ಪಂಪ್ ಮನೆ ಪಕ್ಕದಲ್ಲಿ. ಇಷ್ಟು ಮಾಡಿ ಸಾಕು."

"ಎಲ್ಲಿ ಅಗೆದ್ರೂ ನನಗೆ ಮಣ್ಣೇ," ಎಂದು ಇಟ್ಟಿಗೆ ಯಜಮಾನ ನಕ್ಕು ಕೈ ಬೀಸಿದ.

ಜೆಸಿಬಿ ಆ ಕಡೆ ಹೊರಳಿ ಬಕೆಟ್ಟನ್ನು ನೆಲಕ್ಕೆ ಊರಿತು. ಮೊದಲ ಸಲ ಎತ್ತಿದಾಗ ಬಂದ ಮಣ್ಣು ಕಪ್ಪಗೆ, ಒದ್ದೆಯಾಗಿ, ಒಂದೇ ಗಟ್ಟಿ ಮುದ್ದೆಯಾಗಿ ಹೊಳೆಯಿತು. ಅದರಲ್ಲಿ ಹುಡುಕಿದರೂ ಒಂದು ಹರಳಿರಲಿಲ್ಲ. ಮಾವ ಹೋಗಿ ಒಂದು ಹಿಡಿ ತೆಗೆದುಕೊಂಡು ಹಿಸುಕಿದರು, ಮೂಸಿದರು. ಎರಡನೇ ಬಕೆಟ್ಟೂ ಹಾಗೇ. ಮೂರನೇ ಸಲ ಬಕೆಟ್ಟಿನ ಹಲ್ಲು ಏನಕ್ಕೋ ತಾಗಿ ಕರ್ರೆಂದಿತು. ಡ್ರೈವರ್ ಒಮ್ಮೆ ಎಳೆದ. ಒಡೆದ ಇಟ್ಟಿಗೆ, ಸಿಮೆಂಟಿನ ಹೆಂಟೆಗಳ ಜೊತೆ ಒಂದು ಉದ್ದನೆಯ ಚಪ್ಪಡಿ ಮೇಲೆದ್ದು ಬಂತು.

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ನೆಲದೊಳಗಿಂದ, ಬಹಳ ದಿನದಿಂದ ಗಂಟಲು ಕಟ್ಟಿದ್ದ ಮನುಷ್ಯ ಕೆಮ್ಮಿದಂಥ ಸದ್ದು ಬಂತು. ಹೊಲದ ಅಂಚಿನಿಂದ ಕಂದು ನೀರು ಗುಳುಗುಳು ಎಂದು ಕಾಲುವೆಗೆ ಇಳಿಯಿತು.

"ಬಸಿಗಾಲುವೆ," ಎಂದ ಗುಮಾಸ್ತ. ಸಮೀಕ್ಷೆಯ ಪುಸ್ತಕದ ಮಾತು ಒಂದು ನಿಜವಾದದ್ದನ್ನು ಅವನು ಕಣ್ಣಾರೆ ನೋಡಿದ್ದು ಅದೇ ಮೊದಲು. "ಇದು ಮುಚ್ಚಿಹೋಗಿತ್ತು ಮಾವ. ಅದಕ್ಕೇ ನೀರು ಒಳಗೇ ನಿಂತು ಜೋಳದ ಬೇರು ಕೊಳೀತಿತ್ತು. ಮಣ್ಣಿನ ತಪ್ಪೇ ಇಲ್ಲ. ಎಂಟು ವರ್ಷದ ಹಿಂದೆ ಇದನ್ನ ಯಾವ ಪುಣ್ಯಾತ್ಮ ಮುಚ್ಚಿದನೋ!"

ಮಾವ ಸುತ್ತ ನೋಡಿದರು. ಅತ್ತೆ ದೂರದ ಬದುವಿನ ಮೇಲಿದ್ದಾರೆ ಎಂದು ಖಚಿತಪಡಿಸಿಕೊಂಡು ಅಳಿಯನ ಕಿವಿಯ ಹತ್ತಿರ ಬಾಗಿದರು. "ಪಂಪ್ ಮನೆ ಕಟ್ಟಿಸಿದಾಗ ಉಳಿದ ಕಲ್ಲು ಮಣ್ಣೆಲ್ಲ ಇದರೊಳಗೆ ಹಾಕ್ಸಿದ್ದು ನಾನೇ. ಹಾವು ಸೇರ್ಕೊಳ್ಳುತ್ತೆ ಅಂತ ನಿಮ್ಮತ್ತೆ ಹೇಳ್ತಿದ್ಳು. ನಿಮ್ಮ ಕಾಗದದ ವಿಷಯ ನಾನು ಎತ್ತಲ್ಲ, ಇದನ್ನ ನೀವು ಎತ್ತಬೇಡಿ."

"ಇಲ್ಲ ಮಾವ."

ಇಟ್ಟಿಗೆ ಯಜಮಾನ ಗಡಿಯಾರ ನೋಡಿಕೊಂಡ. "ನೀರೆಲ್ಲ ನೋಡಿದ್ದಾಯ್ತಲ್ಲ, ಕೆಲಸ ಶುರು ಮಾಡೋಣ್ವಾ?"

ಮಾವ ನೆಟ್ಟಗಾದರು. ಅವರ ಸ್ವರ ಹಳೆಯ ಜಾಗಕ್ಕೆ ಬಂದಿತ್ತು. "ಧಾರಾಳವಾಗಿ. ನಾನು ಮಾತು ತಪ್ಪೋನಲ್ಲ. ನಾನು ಕೊಡ್ತೀನಿ ಅಂದಿದ್ದು ಕೆಟ್ಟ ಮಣ್ಣು. ಇಷ್ಟು ಕೆಟ್ಟ ಮಣ್ಣು ಎಲ್ಲೂ ನೋಡಿಲ್ಲ ಅಂತ ನೀವೇ ಹತ್ತು ಜನರ ಮುಂದೆ ಅಂದ್ರಿ. ಹುಡುಕಿ. ಈ ಜಾಗದಲ್ಲಿ ಎಲ್ಲಿ ಕೆಟ್ಟ ಮಣ್ಣು ಸಿಗುತ್ತೋ ಅಷ್ಟನ್ನೂ ತುಂಬ್ಕೊಂಡು ಹೋಗಿ."

ಇಟ್ಟಿಗೆ ಯಜಮಾನ ಬಕೆಟ್ಟಿನ ಪಕ್ಕ ಬಿದ್ದಿದ್ದ ಕಪ್ಪು ಮಣ್ಣನ್ನು ನೋಡಿದ. ಇದು ಕೆಟ್ಟದ್ದು ಎನ್ನಲು ಬಾಯಿ ತೆರೆದ. ಬದುವಿನ ಮೇಲೆ ಇದ್ದ ಅಷ್ಟೂ ರೈತರು ಅವನ ಬಾಯಿಯನ್ನೇ ನೋಡುತ್ತಿದ್ದರು. ಅವನು ಬಾಯಿ ಮುಚ್ಚಿಕೊಂಡ.

"ಆ ಮರದ ಸಾಲಿನ ಕಡೆ ಕೆಟ್ಟದ್ದಿದೆ," ಎಂದ ಭಾವಮೈದುನ ಉಪಕಾರ ಮಾಡುವವನಂತೆ. "ಹದಿನಾಲ್ಕು ಕಡೆ ತೋಡೂ ಇಟ್ಟಿದ್ದೀನಿ."

ಲಾರಿಗಳು ಖಾಲಿಯಾಗಿ ಹಿಂದೆ ಹೊರಳುವಷ್ಟರಲ್ಲಿ ನೀರಿನ ರಭಸ ಹೆಚ್ಚಾಗಿತ್ತು. ಅದು ಕಾಲುವೆ ದಾಟಿ, ಕೆಳಗಿನ ಪಟ್ಟಿಯ ಕಾಲುದಾರಿ ತುಂಬಿ, ಅಲ್ಲಿ ಒಣಗಲು ಹರಡಿದ್ದ ಹುಲ್ಲಿನ ಕಡೆ ನಡೆಯಿತು. ಆ ಪಟ್ಟಿಯವನು ತಲೆಯ ಮೇಲೆ ಕೈ ಹೊತ್ತು ಓಡಿ ಬಂದ.

"ಯಾರ್ರೀ ಅದು ನನ್ನ ಹೊಲಕ್ಕೆ ನೀರು ಬಿಟ್ಟಿದ್ದು? ಇಷ್ಟು ವರ್ಷ ಇಲ್ಲದ್ದು ಈಗೆಲ್ಲಿಂದ ಬಂತು? ಈ ಕಡೆ ಬನ್ನಿ, ಮಾತಾಡ್ತೀನಿ!"

"ನಾನು ಹೋಗಿ ಸಮಾಧಾನ ಮಾಡ್ಲಾ ಮಾವ?" ಎಂದ ಗುಮಾಸ್ತ. "ಹೂಳು ತೆಗೆಯೋದು ಇಬ್ಬರ ಕೆಲಸ ಅಂತ ಪುಸ್ತಕದಲ್ಲಿ..."

"ನೀವು ಇಲ್ಲೇ ಇರಿ," ಎಂದರು ಮಾವ. ಎಂಟು ವರ್ಷದಿಂದ ಅವರ ಹೊಲದ ಆ ಅರ್ಧದಿಂದ ಯಾರಿಗೂ ಏನೂ ಹರಿದಿರಲಿಲ್ಲ, ಒಂದು ಜಗಳ ಕೂಡ. ಅವರು ಅಂಗಿಯ ತೋಳು ಮೊಣಕೈವರೆಗೆ ಮಡಚಿಕೊಂಡರು. "ನಮ್ಮ ನೀರು ಅದು. ನಮ್ಮ ಬಾವಿ ಕಡೆ ನೀರು," ಎಂದು ದೊಡ್ಡ ದನಿಯಲ್ಲಿ ಉತ್ತರ ಕೊಡುತ್ತ, ಮದುವೆಮನೆಗೆ ಹೋಗುವವರ ಹಾಗೆ ಖುಷಿಯಾಗಿ ಬದು ಇಳಿದು ಹೊರಟರು.